ಹಾಡಿನ ತಾಯಿ

"ಅವ್ವಾ, ಇದು ಜುಂಜೇಶ್ ಚಿಗಪ್ಪ ಅಲ್ಲೇನೇ?" ಎಂದು ಚಿತ್ರಾ ಮೊಬೈಲನ್ನು ತಾಯಿಯ ಮುಖಕ್ಕೆ ಹಿಡಿದಳು.

ಕೂಸಿನ ಒದ್ದೆ ಬಟ್ಟೆ ಬದಲಿಸುತ್ತಿದ್ದ ಮೀನಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಹಿರಿಯೂರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅದು ಊಟದ ಹೊತ್ತು. ಪಕ್ಕದ ಮಂಚದವರ ನೆಂಟರು ಬುತ್ತಿ ಬಿಚ್ಚಿಕೊಂಡು ಸಂತೆಯಷ್ಟು ಗದ್ದಲ ಎಬ್ಬಿಸಿದ್ದರು. ಆದರೆ ಆ ದನಿ ಮೀನಾಕ್ಷಿಗೆ ಯಾವ ಗದ್ದಲದಲ್ಲಾದರೂ ಗೊತ್ತಾಗುತ್ತಿತ್ತು. ಪರದೆಯ ಮೇಲೆ ಜುಂಜೇಶನೇ ಕೂತಿದ್ದ. ಅದೇ ಕೆಂಪು ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಪಕ್ಕದಲ್ಲಿ ಗೋಡೆಗೆ ಒರಗಿಸಿದ ಗಣೆ, ಆಳೆತ್ತರದ ಬಿದಿರಿನ ಕೊಳಲು. ಹೊಳಲ್ಕೆರೆಯಲ್ಲಿ ನಡೆದ ಯಾವುದೋ ಸಭೆಯಂತೆ.

"ಆ ಹಾಡು ಕಟ್ಟಿದ್ದು ನನ್ನ ಜಲ್ಮದ ತಪ್ಪು," ಎನ್ನುತ್ತಿದ್ದ ಜುಂಜೇಶ. "ಬಾಣಂತಿ ಹಟ್ಟಿ ಹೊರಗೆ ಇರ್ಬೇಕು ಅಂತ ಹಿರೇರು ಸುಮ್ನೆ ಮಾಡಿಲ್ಲ. ನನ್ನ ಹಾಡು ಕೇಳಿ ಎಲ್ಲಾರೂ ಒಳಗೆ ಕರ್ಕಂಡ್ರು, ದೇವ್ರು ಮುನಿಸ್ಕಂಡ. ಇವತ್ತು ಬಾಯಿ ಬಿಟ್ಟು ಹೇಳ್ತೀನಿ, ಆ ಕೂಸು ಸತ್ತಿದ್ದು ಚಳಿಗಲ್ಲ. ಅದರ ತಾಯಿ ಮಡಿ ಕಾಯ್ಲಿಲ್ಲ. ಅದಕ್ಕೆ ಸತ್ತಿದ್ದು."

ವಿಡಿಯೊ ಮುಗಿದು ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಯಿತು. ಮೀನಾಕ್ಷಿ ನಕ್ಕುಬಿಟ್ಟಳು.

"ಇದು ಅವ್ನಲ್ಲ ಬಿಡೇ. ಈಗ ಯಾರ ಬಾಯಾಗೆ ಏನ್ ಬೇಕಾದ್ರೂ ಹೇಳಿಸ್ತಾರಂತೆ. ಮೊನ್ನೆ ಟೀವಿಯಾಗೆ ತೋರಿಸಿದ್ರಲ್ಲ, ಸತ್ತೋದೋರು ಎದ್ದು ಬಂದು ಓಟು ಕೇಳ್ತಿದ್ರು."

ಅಷ್ಟರಲ್ಲಿ ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ರಂಗೇಶ ಬಂದ. ಮಗಳು ಅಪ್ಪನಿಗೂ ತೋರಿಸಿದಳು. ಅವನ ಮುಖ ಸಪ್ಪಗಾಯಿತು. "ಕಟ್ ಮಾಡಿ ಹಾಕಿರ್ತಾರೆ," ಎಂದ. "ಹಿಂದೆ ಮುಂದೆ ಏನೋ ಮಾತು ಇರ್ತೈತೆ. ನಮ್ ಜುಂಜ ನಮಗೆ ಗೊತ್ತಿಲ್ವಾ?"

"ಅಜ್ಜಿಗೂ ಗೊತ್ತಾಗೈತೆ," ಎಂದಳು ಚಿತ್ರಾ. "ಪಕ್ಕದ್ಮನೆ ಚಂದ್ರಕ್ಕ ತೋರಿಸಿದ್ಲಂತೆ. ಬೆಳಿಗ್ಗೆ ಫೋನ್ ಮಾಡಿ, 'ಗುಡ್ಲು ಸಾರಿಸಿ ಇಡ್ತೀನಿ ಕಣವ್ವ, ಹೆದರ್ಬ್ಯಾಡ' ಅಂದ್ಲು." ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. "ಅವ್ವಾ, ನಾಳೆ ನನ್ನ ಹೊರಗೆ ಹಾಕ್ತೀರೇನೇ?"

ಆಗ ಮೀನಾಕ್ಷಿಯ ನಗು ನಿಂತಿತು.

ಯಾಕೆಂದರೆ ಜುಂಜೇಶ ಹೇಳಿದ ಆ ಕೂಸು ಮೀನಾಕ್ಷಿಯದು. ಆ ತಾಯಿ ಅವಳೇ.

ಹರಿಯಬ್ಬೆ ಕಡೆಯ ಅವರ ಹಟ್ಟಿಗೆ ಸುತ್ತಲೂ ಮುಳ್ಳಿನ ಬೇಲಿ. ಬೇಲಿಯ ಒಳಗೆ ದೇವರ ಗುಡಿ, ಮನೆಗಳು, ಕುರಿ ರೊಪ್ಪ. ಹೆತ್ತ ಹೆಂಗಸು ಮೈಲಿಗೆ ಕಳೆಯುವ ತನಕ ಬೇಲಿಯ ಆಚೆ ಗುಡ್ಲಲ್ಲಿ ಇರಬೇಕು ಎಂಬುದು ಹಿಂದಿನಿಂದ ನಡೆದು ಬಂದ ಕಟ್ಟಳೆ. ಗುಡ್ಲೆಂದರೆ ಬಗ್ಗಿ ನುಗ್ಗಬೇಕಾದ ಒಂದು ಹುಲ್ಲಿನ ಗೂಡು, ಅಷ್ಟೆ. ಮದುವೆಯಾಗಿ ಬಂದ ಮಾರನೆಯ ವರ್ಷ ಮೀನಾಕ್ಷಿ ಗಂಡುಕೂಸು ಹೆತ್ತು ಅದರೊಳಗೆ ಮಲಗಿದಳು. ಜಡಿಮಳೆ ಹಿಡಿದಿತ್ತು. ಊಟ ತಂದವರು ದೂರದಲ್ಲಿಟ್ಟು ಹೋಗುತ್ತಿದ್ದರು. ಕೂಸಿಗೆ ಶೀತವಾಯಿತು, ಆಮೇಲೆ ಉಬ್ಬಸ ಬಂತು. ಅವಳು ಕೂಗಿದ್ದು ಗಾಳಿಯಲ್ಲಿ ಹಟ್ಟಿಗೆ ಕೇಳಲಿಲ್ಲವೋ, ಕೇಳಿಯೂ ಯಾರೂ ಬರಲಿಲ್ಲವೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಅವಳಿಗೆ ಬಂದಿಲ್ಲ.

ಕೂಸನ್ನು ಹೂಳಿ ಬಂದ ಮೇಲೆ ಅವಳ ಹತ್ತಿರ ಬಂದು ಕೂತವನು ಜುಂಜೇಶ ಒಬ್ಬನೇ. ಪಕ್ಕದ ಹಟ್ಟಿಯವನು, ರಂಗೇಶನ ಜೊತೆ ಕುರಿ ಕಾಯ್ದು ಬೆಳೆದವನು. ಆಗಿನ್ನೂ ಅವನ ಹೆಸರು ಕುರಿಗಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕಟ್ಟಳೆ ಮೀರಿ ಗುಡ್ಲ ಬಾಗಿಲಿಗೇ ಬಂದು ಕಲ್ಲಿನ ಮೇಲೆ ಕೂತ. ಸಮಾಧಾನ ಹೇಳಲಿಲ್ಲ, ದೇವರ ಮಾತು ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ, "ಅತ್ಗೆ, ಕೂಸಿಗೆ ಮೊದ್ಲು ಎಲ್ಲಿ ತಣ್ಣಗಾತು?" ಎಂದು ಕೇಳಿದ. ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. "ಕಾಲು," ಎಂದಳು. ಅವನು ಹುಡುಗಿಯರ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಆ ಅಳುವಿನಿಂದಲೇ ಹಾಡು ಹುಟ್ಟಿತು.

ಗಾಳಿ ಬಂದಾವೆ ಗುಡ್ಲ ಬಾಗಿಲಿಗೆ
ಕೂಸಿನ ಕಾಲು ತಣ್ಣಗಾದಾವೆ

ಕೊನೆಯಲ್ಲಿ ತಾಯಿ ದೇವರನ್ನೇ ನಿಲ್ಲಿಸಿ ಕೇಳುತ್ತಾಳೆ:

ಮುಳ್ಳಿನ ಬೇಲಿ ಸರಿಸಪ್ಪ ದೇವ್ರೆ
ನಿನ್ನದೆ ಕೂಸು ಒಳಗೆ ಕರಕೊಳ್ಳೊ

ಆ ಹಾಡು ಹಟ್ಟಿಯಿಂದ ಹಟ್ಟಿಗೆ ಹೋಯಿತು. ಕ್ಯಾಸೆಟ್ಟಾಯಿತು, ರೇಡಿಯೊದಲ್ಲಿ ಬಂತು, ಆಮೇಲೆ ಎಲ್ಲರ ಮೊಬೈಲಿಗೂ ಬಂತು. ದೇವರ ಹೆಸರಿನಲ್ಲಿ ಮೀಸೆ ತಿರುವುತ್ತಿದ್ದ ಮುದುಕರೂ ಅದನ್ನು ಕೇಳಿ ಕಣ್ಣೊರೆಸಿಕೊಂಡರು. ಚಿತ್ರಾ ಹುಟ್ಟಿದಾಗ ಅತ್ತೆ ಹುಚ್ಚಕ್ಕ ತಾನೇ ಕೂಸನ್ನು ಎತ್ತಿಕೊಂಡು ಬೇಲಿ ದಾಟಿ ಮನೆಯೊಳಗೆ ತಂದಳು. ಯಾರೂ ತುಟಿ ಬಿಚ್ಚಲಿಲ್ಲ. ಗುಡ್ಲು ಕುರಿಮರಿ ಕೂಡುವ ಜಾಗವಾಯಿತು. ಮೀನಾಕ್ಷಿ ಆ ಹಾಡು ಹೇಳಿಯೇ ಚಿತ್ರಾಳನ್ನು ಮಲಗಿಸಿದಳು. ಸತ್ತ ಮಗನಿಗಾಗಿ ಅವಳು ನಾಲ್ಕು ಜನರ ಮುಂದೆ ಅತ್ತಿದ್ದರೆ ಅದು ಆ ಹಾಡಿನ ಮರೆಯಲ್ಲಿ ಮಾತ್ರ. ಹಾಡಿಗೆ ಅತ್ತರೆ ಯಾರೂ ಯಾಕೆ ಎಂದು ಕೇಳುವುದಿಲ್ಲ ನೋಡಿ.

ಇನ್ನು ರಂಗೇಶನೋ, ಅವನಿಗೆ ಜುಂಜೇಶನ ಹುಚ್ಚೇ ಹಿಡಿದಿತ್ತು. ಗಣೆ ಹಾಡಿಗೆ ಹೂಂ ಅನ್ನುವವರು ಬೇಕು. ಹಾಡುವವನು ಒಂದು ಸೊಲ್ಲು ಮುಗಿಸಿ ನಿಲ್ಲುತ್ತಾನೆ, ಕೇಳುವವರು 'ಹೂಂ' ಎಂದ ಮೇಲೆಯೇ ಮುಂದಿನದು. ಹೂಂ ಬಾರದಿದ್ದರೆ ಹಾಡು ಅಲ್ಲಿಗೇ ನಿಂತಂತೆ. ಜುಂಜೇಶನ ಆರಂಭದ ದಿನಗಳಲ್ಲಿ ಆ ಹೂಂ ರಂಗೇಶನದು. ಹೊಸದುರ್ಗ, ಚಿಕ್ಕಜಾಜೂರು, ದುರ್ಗ ಎಂದು ಕುರಿಯನ್ನು ಹೆಂಡತಿಯ ತಲೆಗೆ ಕಟ್ಟಿ ಅವನ ಹಿಂದೆ ತಿರುಗಿದ. ಮೀನಾಕ್ಷಿ ಬೈಯಲಿಲ್ಲ. ಹೋಗುವಾಗ ರೊಟ್ಟಿ ಕಟ್ಟಿ ಕೊಡುತ್ತಿದ್ದಳು.

"ಇವತ್ತು ಸಂಜೆ ಇಲ್ಲೇ ಅವ್ನ ಪ್ರೋಗ್ರಾಂ ಐತೆ," ಎಂದ ರಂಗೇಶ. "ಬಸ್ ಸ್ಟ್ಯಾಂಡಾಗೆ ಬ್ಯಾನರ್ ನೋಡ್ದೆ. ಕಲ್ಯಾಣ ಮಂಟಪದಾಗೆ ಸನ್ಮಾನ. ಹೋಗಾಣ. ನಮ್ ಕಿವಿಯಾಗೆ ಕೇಳಾಣ."

"ಹೋಗಾಣ," ಎಂದಳು ಮೀನಾಕ್ಷಿ. ಅವಳಿಗೂ ಅದೇ ಬೇಕಾಗಿತ್ತು.

ಚಿತ್ರಾಳ ಅತ್ತೆ ಏಕನಾಥಮ್ಮ ತಾಳ್ಯದಿಂದ ಬಂದಿದ್ದಳು. ಕೂಸನ್ನು ಅವಳಿಗೆ ಒಪ್ಪಿಸಿ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ರಂಗೇಶ ಒಂದೇ ಸಮನೆ ಮಾತಾಡಿದ. ಮೂರು ವರ್ಷದ ಹಿಂದೆ ಜುಂಜೇಶನ ಗಂಟಲು ಕೆಟ್ಟಿದ್ದು, ಡಾಕ್ಟರು ಇನ್ನು ಹಾಡಬೇಡ ಎಂದದ್ದು, ಯಾವುದೋ ಹರಕೆ ಹೊತ್ತ ಮೇಲೆ ದನಿ ಮರಳಿ ಬಂದದ್ದು. "ಆಗಿಂದ ಸ್ವಲ್ಪ ದೇವ್ರು ಗೀವ್ರು ಜಾಸ್ತಿ ಅಂತಾನೆ. ಅಷ್ಟೇಯ. ಮನುಷ್ಯ ಕೆಟ್ಟೋನಲ್ಲ." ಮೀನಾಕ್ಷಿ ತಲೆಯಾಡಿಸಿದಳು. ಕೆಟ್ಟವನಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಂಟಪ ಕಿಕ್ಕಿರಿದು ತುಂಬಿತ್ತು. ರಂಗೇಶನ ಗುರುತು ಹಿಡಿದವರು ಇಬ್ಬರನ್ನೂ ಮುಂದಿನ ಸಾಲಿಗೆ ಕರೆದೊಯ್ದು, "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಕೊಟ್ಟರು. ಹಾರ, ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿಯಿತು. ಆ ಮೇಲೆ ಜುಂಜೇಶ ಎದ್ದು ಗಣೆಯನ್ನು ತುಟಿಗಿಟ್ಟ. ಮೊದಲ ಉಸಿರಿಗೇ ಮೀನಾಕ್ಷಿಯ ಎದೆ ತುಂಬಿ ಬಂತು. ಹಾಳಾದ ಎದೆ, ಅದಕ್ಕೆ ಮಧ್ಯಾಹ್ನದ ವಿಡಿಯೊ ಗೊತ್ತೇ ಇರಲಿಲ್ಲ.

ಜನ ಆ ಹಾಡನ್ನೇ ಕೇಳಿದರು. ಎಲ್ಲಿ ಹೋದರೂ ಅದನ್ನೇ ಕೇಳುವುದು. ಜುಂಜೇಶ ಒಂದು ಗಳಿಗೆ ತಲೆ ತಗ್ಗಿಸಿ ನಿಂತ, ಆಮೇಲೆ ಎತ್ತಿಕೊಂಡ. ಗಾಳಿ ಬಂದಾವೆ. ಸಭೆ "ಹೂಂ" ಎಂದಿತು. ಕೂಸಿನ ಕಾಲು ತಣ್ಣಗಾದಾವೆ. "ಹೂಂ." ಒಂದಕ್ಷರ ಬದಲಾಗಿರಲಿಲ್ಲ. ಆ ಎಳೆತ, ಆ ನಡುಗು, ಎಲ್ಲ ಹಾಗೆಯೇ ಇತ್ತು. ಮೀನಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇವನೇ, ನಮ್ಮವನೇ, ಆ ವಿಡಿಯೊ ಸುಳ್ಳು ಎಂದುಕೊಂಡು ಅತ್ತಳು. ಎಷ್ಟು ಹಗುರವಾಯಿತೆಂದರೆ, ನಾಳೆ ಅತ್ತೆಗೆ ಏನು ಹೇಳಬೇಕು ಎನ್ನುವುದೂ ಮನಸ್ಸಿನಲ್ಲಿ ತಯಾರಾಗಿಬಿಟ್ಟಿತು.

ಕೊನೆಯ ಸೊಲ್ಲು ಬಂತು. ಜುಂಜೇಶ ಕಣ್ಣು ಮುಚ್ಚಿ ಕೈ ಮುಗಿದ.

ಮಡಿಯ ಮರೆತಾಳೆ ಮರುಳು ತಾಯವ್ವ
ಮುನಿಸು ಬಂದಾವೆ ಮನೆಯ ದೇವರಿಗೆ

"ಹೂಂ," ಎಂದಿತು ಸಭೆ.

ಮೀನಾಕ್ಷಿಯ ಪಕ್ಕದಲ್ಲಿ ರಂಗೇಶನೂ "ಹೂಂ" ಎಂದ.

ಗಟ್ಟಿಯಾಗಿಯೇ ಎಂದ. ಹಾಡು ಎಲ್ಲಿ ನಿಲ್ಲುತ್ತದೆ, ಹೂಂ ಎಲ್ಲಿ ಬೀಳಬೇಕು ಎಂದು ಅವನ ಗಂಟಲಿಗೆ ಗೊತ್ತಿತ್ತು, ಅದು ಅವನನ್ನು ಕೇಳದೆ ಹೊರಟುಹೋಯಿತು. ಅಂದ ಮೇಲೆ ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡು ಹೆಂಡತಿಯ ಕಡೆ ತಿರುಗಿದ. ಮೀನಾಕ್ಷಿ ಅವನನ್ನು ನೋಡಲಿಲ್ಲ. ಅವಳ ಕಣ್ಣಲ್ಲಿ ಆಗತಾನೆ ಸಮಾಧಾನದಿಂದ ಬಂದಿದ್ದ ನೀರು ಇನ್ನೂ ಇತ್ತು. ಅದನ್ನು ಒರೆಸಿಕೊಳ್ಳುವುದಕ್ಕೂ ಅವಳಿಗೆ ನಾಚಿಕೆಯಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಜನ ಜುಂಜೇಶನ ಸುತ್ತ ಫೋಟೊಕ್ಕೆ ಮುಗಿಬಿದ್ದರು. ರಂಗೇಶ "ಬ್ಯಾಡ, ನಡಿ ಹೋಗಾಣ" ಎಂದರೂ ಕೇಳದೆ ಮೀನಾಕ್ಷಿ, ಆಮೇಲೆ ಅವನು ಹೋಗಿ ಕೂತಿದ್ದ ವೇದಿಕೆಯ ಪಕ್ಕದ ಕೋಣೆಗೆ ಹೋದಳು. ಜುಂಜೇಶ ಅವಳನ್ನು ಕಂಡವನೇ ಎದ್ದು ಬಂದು ಕಾಲು ಮುಟ್ಟಿದ.

"ಅತ್ಗೆ! ಯಾವಾಗ ಬಂದ್ರಿ? ಚಿತ್ರಾಗೆ ಹೆರಿಗೆ ಆತಂತಲ್ಲ, ಏನು ಕೂಸು?"

"ಹೆಣ್ಣು."

"ಒಳ್ಳೇದಾತು." ಹೊದಿಸಿದ್ದ ಶಾಲನ್ನು ತೆಗೆದು ಅವಳ ಕೈಗಿಟ್ಟ. "ಕೂಸಿಗೆ ಹೊದಿಸ್ರಿ. ಬೆಚ್ಚಗಿರ್ತೈತೆ."

ಅವನು ಅದನ್ನು ಮನಸಾರೆ ಹೇಳಿದ್ದ. ಕಣ್ಣಲ್ಲಿ ಅದೇ ಹಳೆಯ ಅಕ್ಕರೆ. ಕೆಟ್ಟ ಕಣ್ಣು ಕಂಡಿದ್ದರೆ ಮೀನಾಕ್ಷಿ ಎರಡು ಮಾತು ಬೈದು ಹಗುರಾಗುತ್ತಿದ್ದಳು.

"ಜುಂಜಣ್ಣ, ನಾನು ಯಾವ ಮಡಿ ಮರ್ತೆ?" ಎಂದು ಕೇಳಿದಳು.

ಅವನು ಗಲಿಬಿಲಿಗೊಂಡ. "ಅಯ್ಯೋ, ನಿಮ್ಮನ್ನ ಅಂದಿಲ್ಲ ಅತ್ಗೆ. ಹಾಡಿನ ತಾಯಿನ ಅಂದಿದ್ದು."

"ಹಾಡಿನ ತಾಯಿ ಯಾರು?"

ಜುಂಜೇಶ ಕೂತು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ತಲೆಗೂದಲು ಪೂರಾ ಬೆಳ್ಳಗಾಗಿತ್ತು. "ನನ್ನ ದನಿ ಹೋಗಿತ್ತು ಅತ್ಗೆ," ಎಂದ ಮೆಲ್ಲಗೆ. "ಒಂದು ಮಾತು ಆಡಾಕೆ ಆಗ್ತಿರ್ಲಿಲ್ಲ, ಸಲೇಟು ಹಿಡ್ಕಂಡು ತಿರುಗ್ತಿದ್ದೆ. ನೀರು ಬೇಕಂದ್ರೆ ಬರ್ದು ತೋರಿಸ್ಬೇಕು. ಪೂಜಾರಿ ಕೇಳ್ದ, 'ದೇವ್ರ ಬೇಲಿ ಕೀಳ್ಸಿದ ಬಾಯಿ ಯಾವುದು' ಅಂತ. ತಪ್ಪಾತು ಅಂತ ಕಾಯಿ ಒಡ್ದೆ, ದನಿ ಬಂತು. ಈಗ ಹೆಂಗೆ ಇಲ್ಲ ಅನ್ಲಿ? ಹೇಳ್ರಿ, ಹೆಂಗೆ ಇಲ್ಲ ಅನ್ಲಿ?"

"ನಿನ್ನ ದನಿ ಬಂತು," ಎಂದಳು ಮೀನಾಕ್ಷಿ. ಅವನು ಹೆದರಿದ್ದಾನೆ ಎಂಬುದು ಅವಳಿಗೆ ಕಂಡಿತು. ಗುಡ್ಲ ಮುಂದೆ ಕಟ್ಟಳೆಗೆ ಹೆದರದೆ ಕೂತಿದ್ದ ಆ ಹುಡುಗ ಎಲ್ಲಿ ಹೋದ ಎಂದು ಹುಡುಕುವ ಹಾಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಹೊರಗೆ ಬಂದಳು.

ಆಸ್ಪತ್ರೆಗೆ ನಡೆದು ಹೋಗುವಾಗ ರಂಗೇಶ ಎರಡು ಹೆಜ್ಜೆ ಹಿಂದೆಯೇ ಉಳಿದ. "ಬಾಯಿ ತಪ್ಪಿ ಬಂತು ಕಣೇ," ಎಂದ. "ರೂಢಿ. ನನ್ನ ಮನಸ್ಸಾಗೆ ಇರ್ಲಿಲ್ಲ."

"ನಂಗೊತ್ತು."

"ಬೈಯಾದ್ರೂ ಬೈಯೇ."

ಸ್ವಲ್ಪ ದೂರ ಹೋದ ಮೇಲೆ ಅವನು ಮತ್ತೆ, "ಹಾಡು ಬ್ಯಾರೆ, ಮನುಷ್ಯ ಬ್ಯಾರೆ ಅಂದ್ಕಂಡು ಬಿಟ್ಬಿಡಾಣ. ಹಳೇ ರೆಕಾರ್ಡು ನನ್ನ ಮೊಬೈಲಾಗೆ ಐತೆ. ಅದರಾಗೆ ಹಳೇ ಸೊಲ್ಲೇ ಐತೆ," ಎಂದ.

"ನಂಗೆ ಎರಡೂ ಒಂದೇ ದಿನ ಸಿಕ್ಕಿದ್ವು," ಎಂದಳು ಮೀನಾಕ್ಷಿ. "ಬ್ಯಾರೆ ಮಾಡಾಕೆ ನಂಗೆ ಬರಲ್ಲ."

ಅವಳಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಹಾಡಿದವನನ್ನು ಶಪಿಸಿಕೊಂಡು ಹೇಗೋ ಇರಬಹುದು. ಆದರೆ ಮಗನನ್ನು ಅವಳೇ ಕೊಂದಳು ಎಂಬ ಮಾತಿಗೆ ಹೂಂ ಎಂದವನು ಆ ಮಗನ ಅಪ್ಪ. ರೂಢಿಯಾದರೇನು, ಆ ಹೂಂ ಅವಳ ಕಿವಿಯೊಳಗೆ ಬಿದ್ದಾಗಿತ್ತು. ಅದನ್ನು ಯಾರಿಂದ ತೆಗೆಸುವುದು?

ಮಾರನೆಯ ದಿನ ಆಟೊದಲ್ಲಿ ಚಿತ್ರಾಳನ್ನೂ ಕೂಸನ್ನೂ ಕರೆದುಕೊಂಡು ಹಟ್ಟಿಗೆ ಬಂದಾಗ ಬಿಸಿಲು ಏರಿತ್ತು. ಬೇಲಿಯ ಆಚೆ ಗುಡ್ಲ ಮುಂದೆ ಹುಚ್ಚಕ್ಕ ನಿಂತಿದ್ದಳು. ಮುದುಕಿ ಬೆಳಗಿನಿಂದ ದುಡಿದಿದ್ದಳು. ಕುರಿಮರಿಗಳನ್ನು ಬೇರೆ ಕಡೆ ಕಟ್ಟಿ, ನೆಲಕ್ಕೆ ಸೆಗಣಿ ಸಾರಿಸಿ, ಒಣಹುಲ್ಲಿನ ಮೇಲೆ ಹೊಸ ಚಾಪೆ ಹಾಸಿ, ಸಾಂಬ್ರಾಣಿ ಹೊಗೆ ಹಾಕಿ, ಬಾಣಂತಿಗೆ ನೀರು ಕಾಯಿಸಿಟ್ಟಿದ್ದಳು. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದಳು, ಅದೇ ಕಷ್ಟ. ನಾಲ್ಕಾರು ಹೆಂಗಸರು ದೂರದಲ್ಲಿ ಸೇರಿದ್ದರು. ಚಂದ್ರಕ್ಕನ ಕೈಯಲ್ಲಿ ಮೊಬೈಲಿತ್ತು.

"ಇಲ್ಲೇ ಇಳಿಸ್ರಿ," ಎಂದಳು ಹುಚ್ಚಕ್ಕ.

ಮೀನಾಕ್ಷಿ ಇಳಿದಳು. "ಅತ್ತೆ, ಚಿತ್ರನ್ನ ಎತ್ಕಂಡು ಒಳಗೆ ಬಂದೋಳು ನೀನೇ ಅಲ್ವಾ?"

"ಹೌದು ಕಣೇ. ಅವನ ಹಾಡು ಕೇಳಿ ಬುದ್ಧಿಗೆಟ್ಟು ಬಂದೆ. ಈಗ ಅವನೇ ತಪ್ಪಾತು ಅಂದ್ನಲ್ಲ. ಅವನಿಗಿಂತ ನಾವು ತಿಳಿದೋರಾ?" ಮುದುಕಿ ಕೂಸಿನ ಕಡೆ ಕೈ ತೋರಿದಳು. "ಒಂದು ಕೂಸು ಹೋತು. ಇದೂ ಹೋದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ರಂಗಾ, ನೀನಾರ ಹೇಳೋ."

ರಂಗೇಶ ಬಾಯಿ ತೆರೆದ. "ಬಿಡವ್ವ," ಎಂದ. ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

"ಅವ್ನು ಏನಾರ ಅನ್ಲಿ," ಎಂದಳು ಮೀನಾಕ್ಷಿ. "ನನ್ನ ಮಗ ಸತ್ತಿದ್ದು ಅವ್ನ ಬಾಯಾಗಲ್ಲ ಅತ್ತೆ. ನನ್ನ ತೊಡೆ ಮ್ಯಾಲೆ. ಅವತ್ತು ಗುಡ್ಲಾಗೆ ನಾನಿದ್ದೆ, ಕೂಸಿತ್ತು, ಮಳೆ ಇತ್ತು. ಬ್ಯಾರೆ ಯಾರೂ ಇರ್ಲಿಲ್ಲ. ಏನಾತು ಅಂತ ನಾನು ಹೇಳ್ಬೇಕು, ಅವ್ನಲ್ಲ."

ಈ ಮಾತನ್ನು ಅವಳು ತನ್ನ ಬಾಯಿಂದ ಆಡಿದ್ದು ಇದೇ ಮೊದಲು. ಇಷ್ಟು ವರ್ಷ ಹಾಡು ಆಡುತ್ತಿತ್ತು, ಅವಳು ಸುಮ್ಮನಿದ್ದಳು. ಚಂದ್ರಕ್ಕ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೀನಾಕ್ಷಿ ಕೂಸನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು, ಬೇಲಿ ದಾಟಿ ಒಳಗೆ ನಡೆದಳು.

ಹುಚ್ಚಕ್ಕ ತಡೆಯಲಿಲ್ಲ. ಅವರು ಹೋದ ದಾರಿಯನ್ನೇ ನೋಡಿ, ಕಾಯಿಸಿಟ್ಟ ನೀರನ್ನು ನೋಡಿ, "ಹಂಗಾರೆ ನಾನಿರ್ತೀನಿ," ಎಂದಳು.

"ಎಲ್ಲಿರ್ತೀಯವ್ವ?" ಎಂದ ರಂಗೇಶ.

"ಇಲ್ಲೇ. ಯಾರಾದ್ರೂ ಒಬ್ರು ಹೊರಗಿರ್ಬೇಕಲ್ಲಪ್ಪ. ನಾನಿದ್ರೆ ದೇವ್ರು ಆ ಕೂಸಿನ ತಂಟೆಗೆ ಹೋಗಲ್ಲ." ಮೊಣಕಾಲು ಹಿಡಿದುಕೊಂಡು ಬಗ್ಗಿ ಗುಡ್ಲೊಳಗೆ ಹೋದವಳು ಯಾರು ಕರೆದರೂ ಬರಲಿಲ್ಲ. ಮೀನಾಕ್ಷಿಯೇ ಹೋಗಿ ಕರೆದಳು. "ನೀನು ಒಳಗಿರು, ಬಾಣಂತಿ ನೋಡ್ಕ," ಎಂದಳು ಮುದುಕಿ, ಸಿಟ್ಟಿಲ್ಲದೆ.

ಹೊತ್ತು ಇಳಿಯುವಾಗ ಕೂಸು ಅಳಲು ಹಿಡಿಯಿತು. ಹಾಲು ಕುಡಿದಿತ್ತು, ಬಟ್ಟೆ ಒಣಗಿತ್ತು, ಸುಮ್ಮನೆ ಅಳುತ್ತಿತ್ತು. ಚಿತ್ರಾ ಸೋತು ಹೋಗಿದ್ದಳು. "ಅವ್ವಾ, ಆ ಹಾಡು ಹೇಳೇ, ನನ್ನ ಮಲಗಿಸ್ತಿದ್ದಲ್ಲ," ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು.

ಮೀನಾಕ್ಷಿ ಬಾಯಿ ತೆರೆದಳು. ಬೇರೆ ಯಾವ ಜೋಗುಳವೂ ಅವಳಿಗೆ ಬರುತ್ತಿರಲಿಲ್ಲ, ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಮೊದಲ ಸೊಲ್ಲು ಗಂಟಲಿನ ತನಕ ಬಂದು ನಿಂತಿತು. ಅದರ ಹಿಂದೆಯೇ ಬರುವುದು ಯಾವುದು ಎಂದು ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಳು. ಹಾಡಿಲ್ಲದೆ ಕೂಸನ್ನು ಎತ್ತಿ ಹೇಗೆ ನಿಲ್ಲಬೇಕು ಎಂಬುದೇ ತಿಳಿಯದೆ ಒಂದು ಗಳಿಗೆ ಅತ್ತಿತ್ತ ತೂಗಾಡಿ, ಕೊನೆಗೆ ಬಾಗಿಲಿಗೆ ಬಂದು ನಿಂತಳು.

"ಅಗೋ ನೋಡು, ಕುರಿ ಬಂದ್ವು," ಎಂದಳು. ಹುಟ್ಟಿ ನಾಲ್ಕು ದಿನವಾಗದ ಕೂಸಿಗೆ ಏನು ಕಾಣುತ್ತದೆ! ಆದರೂ ಹೇಳಿದಳು. "ಅಗೋ, ಬೇವಿನ ಮರ. ಅಗೋ, ಚಂದ್ರಕ್ಕನ ಹುಂಜ, ಕಳ್ಳ ನನ್ಮಗಂದು, ಕಾಳು ಮೇಯಾಕೆ ಬಂದೈತೆ. ಅಗೋ ಅಲ್ಲಿ, ಬೇಲಿ ಆಚೆಗೆ, ನಿಮ್ಮ ಮುತ್ತಜ್ಜಿ."

ಕೂಸಿನ ಅಳು ಬಿಕ್ಕಿಗೆ ಇಳಿಯಿತು. ಗುಡ್ಲಲ್ಲಿದ್ದ ಅವ್ವನಿಗೆ ಮುದ್ದೆಯ ತಟ್ಟೆಯನ್ನೂ ಕಂಬಳಿಯನ್ನೂ ಕೊಟ್ಟು 'ಏಳವ್ವ' ಎಂದು ಬೇಡಿ ಬಂದ ರಂಗೇಶ ಅಂಗಳದಲ್ಲಿ ಬಾಗಿಲಿನ ನೇರಕ್ಕೆ ನಿಂತ. ಮೊಮ್ಮಗಳಿಗೆ ತಾನು ಕಾಣಲಿ ಎಂಬಂತೆ ಒಂದು ಹೆಜ್ಜೆ ಮುಂದೆ ಬಂದ. ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾದ.

ಮೀನಾಕ್ಷಿ ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು.

"ಅಗೋ, ಆ ಕರಿ ಕುರಿ," ಎಂದಳು. "ಅಗೋ, ಅದರ ಮರಿ."